ಉರಿಮೂತ್ರಕ್ಕೆ ಯಾವುದು: ಸಿರಪ್ಪೋ, ಮಾತ್ರೆಯೋ, ಕ್ರ್ಯಾನ್‌ಬೆರಿಯೋ?

ಸಂಜೆ ಏಳೂವರೆ. ಬೆಂಗಳೂರಿನ ಶ್ರೀನಗರ ಬಸ್ ಸ್ಟ್ಯಾಂಡಿನಲ್ಲಿ ಇಳಿದವರು ಮನೆಗೆ ಹೋಗುವ ದಾರಿಯಲ್ಲಿ ನಮ್ಮ ಮೆಡಿಕಲ್ ಶಾಪ್ ಮುಂದೆ ನಿಲ್ಲುವ ಹೊತ್ತು. ಬಿಪಿ, ಶುಗರ್ ಮಾತ್ರೆಯವರೆಲ್ಲ ಚಿಲ್ಲರೆ ಎಣಿಸಿಕೊಂಡು ಹೋಗುವ ತನಕ ಒಂದು ಹುಡುಗಿ ಮೂಲೆಯಲ್ಲಿ ನಿಂತು ಸೋಪಿನ ಸಾಲನ್ನೇ ನೋಡುತ್ತಿದ್ದರೆ ನನಗೆ ಅರ್ಧ ಗೊತ್ತಾಗಿರುತ್ತದೆ. ಅಂಗಡಿ ಖಾಲಿಯಾದ ಮೇಲೆ ಹತ್ತಿರ ಬಂದು, “ಅಕ್ಕಾ, ನೀವೇ ಇದ್ದೀರಲ್ಲ, ಒಳ್ಳೇದಾಯ್ತು. ಯೂರಿನ್‌ಗೆ ಹೋದ್ರೆ ಉರಿ. ಅದೇ ಸಿರಪ್ ಇದೆಯಲ್ಲ, ಕೊಡಿ” ಅನ್ನುತ್ತಾಳೆ.

ಇದೇ ತೊಂದರೆಗೆ ಇನ್ನೊಬ್ಬರು ಆಂಟಿಬಯಾಟಿಕ್ ಮಾತ್ರೆಯ ಹಳೇ ಸ್ಟ್ರಿಪ್ಪಿನ ಚೂರು ತಂದು “ಇದೇ ಐದು ಕೊಡಮ್ಮ” ಅನ್ನುತ್ತಾರೆ. ಮತ್ತೊಬ್ಬರು ಮೊಬೈಲಿನಲ್ಲಿ ಕ್ರ್ಯಾನ್‌ಬೆರಿ ಅನ್ನುವ ವಿದೇಶಿ ಹಣ್ಣಿನ ಕ್ಯಾಪ್ಸೂಲಿನ ಚಿತ್ರ ತೋರಿಸುತ್ತಾರೆ. ಒಂದೇ ಕಾಯಿಲೆಗೆ ಮೂರು ಔಷಧ, ಯಾವುದು ಅಗ್ಗವೋ ಯಾವುದು ಬೇಗ ಸಿಗುತ್ತದೋ ಅದನ್ನು ತಗೊಂಡರಾಯಿತು ಅನ್ನುವುದು ಎಲ್ಲರ ಲೆಕ್ಕ. ಹದಿನಾಲ್ಕು ವರ್ಷದಿಂದ ಕೌಂಟರಿನ ಈಚೆ ನಿಂತು ನಾನು ಹೇಳುತ್ತಾ ಬಂದಿರುವುದು ಒಂದೇ ಮಾತು: ಆ ಮೂರಕ್ಕೂ ಮೂರು ಬೇರೆ ಕೆಲಸ. ಸಿರಪ್ ಉರಿ ತಗ್ಗಿಸುತ್ತದೆ. ಆಂಟಿಬಯಾಟಿಕ್ ಬ್ಯಾಕ್ಟೀರಿಯಾ ಸಾಯಿಸುತ್ತದೆ. ಕ್ರ್ಯಾನ್‌ಬೆರಿ, ಅದೂ ಕೆಲವರಿಗೆ, ಮುಂದಿನ ಸಲ ಬರುವುದನ್ನು ಅಷ್ಟಿಷ್ಟು ತಡೆಯುತ್ತದೆ. ಒಂದರ ಕೆಲಸಕ್ಕೆ ಇನ್ನೊಂದನ್ನು ಹಚ್ಚಿದಾಗ ಎಡವಟ್ಟಾಗುತ್ತದೆ.

ಮೊದಲು, ಇದು ಅದೇನಾ?

ನಮ್ಮಲ್ಲಿ ಉರಿಮೂತ್ರ ಅಂದ ಕೂಡಲೇ “ಉಷ್ಣ ಆಗಿದೆ” ಅನ್ನುತ್ತಾರೆ. ಅದರಲ್ಲಿ ಸ್ವಲ್ಪ ನಿಜವಿದೆ. ಏಪ್ರಿಲ್ ಬಿಸಿಲಲ್ಲಿ ದಿನವಿಡೀ ಎರಡು ಲೋಟ ನೀರು ಕುಡಿದು ಓಡಾಡಿದರೆ ಮೂತ್ರ ಗಟ್ಟಿಯಾಗಿ, ಹಳದಿಯಾಗಿ, ಹೋಗುವಾಗ ಚುರುಚುರು ಅನ್ನುತ್ತದೆ. ನೀರು, ಮಜ್ಜಿಗೆ, ಎಳನೀರು ಕುಡಿದು ಅರ್ಧ ದಿನದಲ್ಲಿ ಸರಿಹೋಯಿತು ಅಂದರೆ ಅದು ಉಷ್ಣದ ಲೆಕ್ಕಕ್ಕೇ ಇರಲಿ. ಸೋಂಕು ಹಾಗಲ್ಲ. ಈಗ ತಾನೇ ಹೋಗಿ ಬಂದಿದ್ದರೂ ಮತ್ತೆ ಅರ್ಜೆಂಟು, ಹೋದರೆ ನಾಲ್ಕು ಹನಿ, ಕೊನೆಯ ಹನಿಗೆ ಪ್ರಾಣ ಹೋಗುವಂಥ ಉರಿ, ಕಿಬ್ಬೊಟ್ಟೆಯಲ್ಲಿ ನೋವು, ಮೂತ್ರ ಮಂಕು, ಕೆಲವೊಮ್ಮೆ ನಸುಗೆಂಪು. ಇಂಥ ಸೋಂಕುಗಳಲ್ಲಿ ನಾಲ್ಕಕ್ಕೆ ಮೂರು ಪಾಲು ನಮ್ಮದೇ ಕರುಳಿನಲ್ಲಿ ವಾಸವಿರುವ ಇ. ಕೋಲಿ ಬ್ಯಾಕ್ಟೀರಿಯಾದ ಕೆಲಸ. ಹೆಂಗಸರ ಮೂತ್ರನಾಳ ಸುಮಾರು 4 ಸೆಂಟಿಮೀಟರ್, ಗಂಡಸರದು 20ರ ಹತ್ತಿರ. ಕರುಳಿನ ಬಾಗಿಲಿನಿಂದ ಮೂತ್ರಚೀಲಕ್ಕೆ ನಮ್ಮಲ್ಲಿ ದಾರಿ ಅಷ್ಟು ಹತ್ತಿರ. ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಜೀವನದಲ್ಲಿ ಒಂದು ಸಲವಾದರೂ ಇದು ಬರುತ್ತದೆ. ಅಂದಮೇಲೆ ಸೋಪಿನ ಸಾಲಿನ ಹಿಂದೆ ಅಡಗಿ ನಿಲ್ಲುವಂಥದ್ದೇನೂ ಇಲ್ಲ.

ಉರಿಗಿಂತ ತುರಿಕೆ ಜಾಸ್ತಿ, ಮೊಸರಿನಂಥ ಬಿಳಿ ಹೋಗುತ್ತಿದೆ ಅಂದರೆ ಅದು ಬಹುತೇಕ ಫಂಗಸ್. ಅದಕ್ಕೆ ಆಂಟಿಬಯಾಟಿಕ್ ನುಂಗಿದರೆ ಇನ್ನೂ ಕೆದರುತ್ತದೆ. ಸಕ್ಕರೆ ಕಾಯಿಲೆಗೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಥರದ ಮಾತ್ರೆ ಶುರು ಮಾಡಿದವರಲ್ಲಿ ಇದನ್ನು ನಾನು ಮೇಲಿಂದ ಮೇಲೆ ನೋಡುತ್ತೇನೆ. ಆ ಮಾತ್ರೆ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಕಳಿಸುತ್ತದೆ, ಫಂಗಸ್‌ಗೆ ಊಟ ಸಿಕ್ಕಿದ ಹಾಗೆ. ಮಾತ್ರೆ ಬರೆದುಕೊಟ್ಟ ಡಾಕ್ಟರಿಗೆ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ.

ಚಳಿ ಜ್ವರ, ಸೊಂಟದ ಮೇಲ್ಭಾಗದಲ್ಲಿ ಒಂದು ಪಕ್ಕ ನೋವು, ವಾಂತಿ ಇದ್ದರೆ ಸೋಂಕು ಕಿಡ್ನಿಗೆ ಹತ್ತಿದೆ ಅಂತ ಅರ್ಥ. ಆಗ ಈ ಬರಹ ಬದಿಗಿಟ್ಟು ಆಸ್ಪತ್ರೆಗೆ ಹೋಗಿ. ಗರ್ಭಿಣಿಯರು, ಮಕ್ಕಳು, ಗಂಡಸರು, ಕಿಡ್ನಿ ಕಲ್ಲು ಇರುವವರು ಜ್ವರ ಬರುವ ತನಕವೂ ಕಾಯಬಾರದು.

ರೊಟೀನೋ, ಕಲ್ಚರೋ

ಲ್ಯಾಬಿನಲ್ಲಿ ಎರಡು ಹೆಸರು ಕೇಳುತ್ತೀರಿ. ಯೂರಿನ್ ರೊಟೀನ್ ಅಗ್ಗ, ಅದೇ ದಿನ ರಿಪೋರ್ಟ್. ಕೀವು ಕಣ ಎಷ್ಟು, ಬ್ಯಾಕ್ಟೀರಿಯಾದ ಸುಳಿವು ಕೊಡುವ ನೈಟ್ರೈಟ್ ಇದೆಯಾ, ರಕ್ತ ಇದೆಯಾ, ಇಷ್ಟು ಹೇಳುತ್ತದೆ. ಸೋಂಕು ಇರಬಹುದು ಅನ್ನುವ ತನಕ ಅದರ ಮಾತು. ಯಾವ ಬ್ಯಾಕ್ಟೀರಿಯಾ, ಯಾವ ಔಷಧಕ್ಕೆ ಸಾಯುತ್ತದೆ ಅನ್ನುವುದು ಅದಕ್ಕೆ ಗೊತ್ತಿಲ್ಲ. ಅದನ್ನು ಹೇಳುವುದು ಕಲ್ಚರ್. ದುಡ್ಡು ಅದರ ಹಲವು ಪಟ್ಟು, ಎರಡು ಮೂರು ದಿನ ಕಾಯಬೇಕು. ರಿಪೋರ್ಟಿನಲ್ಲಿ ಔಷಧಗಳ ಪಟ್ಟಿ ಇದ್ದು ಒಂದೊಂದರ ಮುಂದೆ ಎಸ್ ಅಥವಾ ಆರ್ ಅಂತ ಬರೆದಿರುತ್ತದೆ. ಎಸ್ ಅಂದರೆ ಕೆಲಸ ಮಾಡುತ್ತದೆ, ಆರ್ ಅಂದರೆ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗುವುದಿಲ್ಲ.

ಆರೋಗ್ಯವಾಗಿರುವ, ಗರ್ಭಿಣಿಯಲ್ಲದ ಹೆಂಗಸಿಗೆ ಮೊದಲ ಸಲ ಬಂದಿದ್ದರೆ ಡಾಕ್ಟರು ಲಕ್ಷಣ ಕೇಳಿ, ಬೇಕಾದರೆ ರೊಟೀನ್ ನೋಡಿ ಔಷಧ ಕೊಟ್ಟರೆ ಸಾಕಾಗುತ್ತದೆ. ಆರು ತಿಂಗಳಲ್ಲಿ ಎರಡು ಸಲ, ಅಥವಾ ವರ್ಷದಲ್ಲಿ ಮೂರು ಸಲ ಬಂದವರು, ಔಷಧ ತಗೊಂಡೂ ಕಡಿಮೆಯಾಗದವರು, ಮೇಲೆ ಹೇಳಿದ ಗರ್ಭಿಣಿ, ಗಂಡಸು, ಮಗು: ಇವರಿಗೆಲ್ಲ ಕಲ್ಚರ್ ಬಿಟ್ಟರೆ ದಾರಿಯಿಲ್ಲ. ಅಲ್ಲಿ ದುಡ್ಡು ಉಳಿಸಲು ಹೋದವರು ಆಮೇಲೆ ಹತ್ತು ಪಟ್ಟು ಕಕ್ಕಿದ್ದನ್ನು ನೋಡಿದ್ದೇನೆ.

ಯಾವ ಟೆಸ್ಟ್ ಆದರೂ ಸ್ಯಾಂಪಲ್ ಕೊಡುವ ರೀತಿ ಸರಿಯಿರಬೇಕು. ಬಾಟಲಿ ಅಂಗಡಿಯಲ್ಲೇ ಸಿಗುತ್ತದೆ. ಕಲ್ಚರಿಗಾದರೆ ಸೀಲ್ ಮಾಡಿದ ಸ್ಟೆರೈಲ್ ಬಾಟಲಿಯೇ ಆಗಬೇಕು. ತೊಳೆದ ಹಾರ್ಲಿಕ್ಸ್ ಬಾಟಲಿ, ಉಪ್ಪಿನಕಾಯಿ ಡಬ್ಬಿ ನಡೆಯುವುದಿಲ್ಲ (ತಂದವರಿದ್ದಾರೆ). ಕೈ ತೊಳೆದು, ಮುಂದಿನಿಂದ ಹಿಂದಕ್ಕೆ ನೀರಿನಲ್ಲಿ ತೊಳೆದುಕೊಂಡು, ಮೊದಲು ಬರುವ ಮೂತ್ರವನ್ನು ಬಿಟ್ಟು, ನಡುವಿನದನ್ನು ಹಿಡಿಯಬೇಕು. ಮುಚ್ಚಳದ ಒಳಭಾಗ ಮುಟ್ಟಬಾರದು, ನೆಲದ ಮೇಲೆ ಬೋರಲು ಇಡಬಾರದು. ಎರಡು ಗಂಟೆಯೊಳಗೆ ಲ್ಯಾಬ್ ಸೇರಬೇಕು. ಬೆಳಿಗ್ಗೆ ಎಂಟಕ್ಕೆ ಹಿಡಿದ ಬಾಟಲಿ ಬ್ಯಾಗಿನಲ್ಲೇ ಸಿಲ್ಕ್ ಬೋರ್ಡ್ ಸುತ್ತಿ ಮಧ್ಯಾಹ್ನ ಲ್ಯಾಬಿಗೆ ಹೋದರೆ, ಅಷ್ಟರಲ್ಲಿ ಅದರೊಳಗಿನ ಬ್ಯಾಕ್ಟೀರಿಯಾ ಸಂಸಾರ ಬೆಳೆಸಿಕೊಂಡಿರುತ್ತದೆ. ರಿಪೋರ್ಟ್ ಸುಳ್ಳು ಹೇಳುತ್ತದೆ. ತಡವಾಗುವುದಾದರೆ ಬಾಟಲಿಯನ್ನು ಕವರಿನಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡಿ, ಮನೆಯಲ್ಲಿ ಯಾರು ಮುಖ ಸಿಂಡರಿಸಿದರೂ ಸರಿ.

ಕಲ್ಚರಿಗೆ ಸ್ಯಾಂಪಲ್ ಕೊಡುವುದು ಆಂಟಿಬಯಾಟಿಕ್ಕಿನ ಮೊದಲ ಮಾತ್ರೆಗೆ ಮುಂಚೆ. ಇದನ್ನು ನಾನು ಕಲಿತಿದ್ದು ಓದಿನಿಂದಲ್ಲ, ಮೈಮೇಲೆ ಬಂದಾಗ. ಕೆಲವು ವರ್ಷದ ಹಿಂದೆ, ಮದುವೆ ಸೀಸನ್, ಎರಡು ದಿನ ಛತ್ರದ ಶೌಚಾಲಯಕ್ಕೆ ಹೋಗಲು ಹೇಸಿ ತಡೆದುಕೊಂಡಿದ್ದೆ. ಮೂರನೇ ದಿನ ಉರಿ ಶುರು. ಫಾರ್ಮಸಿಸ್ಟ್ ನಾನು, ಡಾಕ್ಟರ್ ಯಾಕೆ ಅಂತ ಜಂಬದಲ್ಲಿ ಮನೆಯ ಡ್ರಾಯರಿನಲ್ಲಿ ಉಳಿದಿದ್ದ ಸಿಪ್ರೊಫ್ಲಾಕ್ಸಾಸಿನ್ ನಾಲ್ಕು ಮಾತ್ರೆ ನುಂಗಿದೆ. ಎರಡು ದಿನ ಆರಾಮ. ಐದನೇ ದಿನ ರಾತ್ರಿ ನಡುಗಿಸುವ ಚಳಿ, 103 ಡಿಗ್ರಿ ಜ್ವರ. ನರ್ಸಿಂಗ್ ಹೋಮಿನಲ್ಲಿ ಕಲ್ಚರ್ ಮಾಡಿದರೆ ಏನೂ ಬೆಳೆಯಲಿಲ್ಲ. ಅರೆಬರೆ ಔಷಧಕ್ಕೆ ಬ್ಯಾಕ್ಟೀರಿಯಾ ಸತ್ತಿರಲಿಲ್ಲ, ಟೆಸ್ಟಿಗೆ ಸಿಗದಷ್ಟು ಅಡಗಿತ್ತು. ಯಾವ ಔಷಧ ಅಂತ ತಿಳಿಯದೆ ಇಂಜೆಕ್ಷನ್ನುಗಳ ಮೇಲೆ ಅಂದಾಜಿನಲ್ಲಿ ಹೋಗಬೇಕಾಯಿತು. ಡ್ಯೂಟಿ ಡಾಕ್ಟರು ನಾನು ಏನು ಕೆಲಸ ಮಾಡುವುದು ಅಂತ ಕೇಳಿದಾಗ “ಮನೇಲೇ ಇರ್ತೀನಿ” ಅಂದುಬಿಟ್ಟೆ.

ಸಿರಪ್, ಪುಡಿ, ಮಾತ್ರೆ

ಸಿರಪ್ಪಿನಲ್ಲಿರುವುದು ಡೈಸೋಡಿಯಂ ಹೈಡ್ರೋಜನ್ ಸಿಟ್ರೇಟ್. ಮೂತ್ರದ ಆಮ್ಲ ತಗ್ಗಿಸುತ್ತದೆ, ಉರಿ ಇಳಿಯುತ್ತದೆ. ಬ್ಯಾಕ್ಟೀರಿಯಾದ ಒಂದು ಕೂದಲೂ ಕೊಂಕುವುದಿಲ್ಲ. ಉರಿ ನಿಂತಿತಲ್ಲ, ವಾಸಿಯಾಯಿತು ಅಂತ ಜನ ಸುಮ್ಮನಾಗುವುದೇ ಅದರ ಅಪಾಯ. ಇನ್ನೊಂದು ಸಂಗತಿ ಚೀಟಿ ಬರೆಯುವವರೂ ಕೆಲವೊಮ್ಮೆ ಗಮನಿಸುವುದಿಲ್ಲ: ಮುಂದೆ ಹೇಳುವ ನೈಟ್ರೋಫ್ಯುರಾಂಟೋಯಿನ್ ಅನ್ನುವ ಆಂಟಿಬಯಾಟಿಕ್ ಆಮ್ಲ ಇರುವ ಮೂತ್ರದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಜೊತೆಯಲ್ಲಿ ಈ ಸಿರಪ್ ಕುಡಿದರೆ ಅದರ ಕೈ ಕಟ್ಟಿದಂತೆ. ಎರಡೂ ಒಂದೇ ಚೀಟಿಯಲ್ಲಿ ಬಂದರೆ ನಾನು ಡಾಕ್ಟರಿಗೆ ಫೋನ್ ಮಾಡಿ ಕೇಳುತ್ತೇನೆ, ಬೈಸಿಕೊಂಡಿದ್ದೂ ಇದೆ. ಸಿರಪ್ಪಿನಲ್ಲಿ ಸೋಡಿಯಂ ಇರುವುದರಿಂದ ಬಿಪಿ, ಹೃದಯದ ತೊಂದರೆ ಇರುವವರು ಸುಮ್ಮನೆ ಕುಡಿಯುವಂಥದ್ದೂ ಅಲ್ಲ.

ಹಾಗಾದರೆ ಆಂಟಿಬಯಾಟಿಕ್ ಇಲ್ಲದೆ ತಾನಾಗಿ ವಾಸಿಯಾಗುವುದೇ ಇಲ್ಲವಾ? ಆಗುತ್ತದೆ, ಎಷ್ಟೋ ಜನರಿಗೆ. ಜರ್ಮನಿಯಲ್ಲಿ ಇದನ್ನೇ ಪರೀಕ್ಷಿಸಿದರು, 2015ರಲ್ಲಿ ಫಲಿತಾಂಶ ಬಂತು. ನೋವಿನ ಮಾತ್ರೆ ಐಬುಪ್ರೊಫೇನ್ ಮಾತ್ರ ಕೊಟ್ಟ ಹೆಂಗಸರಲ್ಲಿ ಮೂರಕ್ಕೆ ಎರಡು ಪಾಲು ಮಂದಿ ಆಂಟಿಬಯಾಟಿಕ್ ಇಲ್ಲದೆಯೇ ಗುಣವಾದರು. ಆದರೆ ಅವರು ಹೆಚ್ಚು ದಿನ ನರಳಿದರು, ಕಿಡ್ನಿಗೆ ಹತ್ತಿದ್ದೂ ಆ ಗುಂಪಿನಲ್ಲೇ ಜಾಸ್ತಿ. ಜ್ವರವಿಲ್ಲದ ಸಣ್ಣ ಉರಿಗೆ ಒಂದೆರಡು ದಿನ ನೋಡೋಣ ಅಂತ ಡಾಕ್ಟರು ಹೇಳಿದರೆ ಅದು ಉದಾಸೀನವಲ್ಲ ಅಂತ ತಿಳಿದಿರಲಿ. ನೀವೇ ಆ ತೀರ್ಮಾನಕ್ಕೆ ಬರುವುದು ಬೇಡ.

ಈಗ ಚೀಟಿಯಲ್ಲಿ ಹೆಚ್ಚಾಗಿ ಬರುವ ಎರಡು. ನೈಟ್ರೋಫ್ಯುರಾಂಟೋಯಿನ್ 100 ಮಿಲಿಗ್ರಾಂ, ದಿನಕ್ಕೆ ಎರಡು, ಐದು ದಿನ. ಊಟದ ಜೊತೆಗೇ ತಗೊಳ್ಳಬೇಕು, ಇಲ್ಲದಿದ್ದರೆ ಹೊಟ್ಟೆ ತೊಳೆಸುತ್ತದೆ. ಮೂತ್ರ ಕಡು ಹಳದಿ, ಕಂದು ಬಣ್ಣಕ್ಕೆ ತಿರುಗಬಹುದು, ಗಾಬರಿ ಬೇಡ. ಇನ್ನೊಂದು ಫಾಸ್ಫೊಮೈಸಿನ್, 3 ಗ್ರಾಂ ಪುಡಿಯ ಒಂದೇ ಸ್ಯಾಶೆ. ನೀರಿನಲ್ಲಿ ಕಲಸಿ ರಾತ್ರಿ ಮಲಗುವ ಮುಂಚೆ, ಊಟವಾಗಿ ಎರಡು ಮೂರು ಗಂಟೆಯ ನಂತರ, ಮೂತ್ರ ಮಾಡಿ ಬಂದು ಕುಡಿದರೆ ಮುಗಿಯಿತು. ಒಂದೇ ಸಲದ್ದು ಅಂದಮೇಲೆ ಎಲ್ಲರೂ ಅದನ್ನೇ ಬಯಸುತ್ತಾರೆ. 2018ರಲ್ಲಿ ಪ್ರಕಟವಾದ, 513 ಹೆಂಗಸರ ಮೇಲೆ ಎರಡನ್ನೂ ಹೋಲಿಸಿದ ಅಧ್ಯಯನದಲ್ಲಿ ನಾಲ್ಕು ವಾರದ ಹೊತ್ತಿಗೆ ಐದು ದಿನದ ಕೋರ್ಸಿನವರಲ್ಲಿ (ಅಲ್ಲಿ ದಿನಕ್ಕೆ ಮೂರು ಮಾತ್ರೆ) 70 ಪರ್ಸೆಂಟ್ ಮಂದಿ ಆರಾಮಾಗಿದ್ದರು, ಒಂದೇ ಸ್ಯಾಶೆಯವರಲ್ಲಿ 58. ಎರಡನೇ ದಿನಕ್ಕೇ ಮಾತ್ರೆ ಮರೆಯುವ ಜಾತಿಯವರಿಗೆ ಆ ಲೆಕ್ಕ ಉಲ್ಟಾ ಆದರೂ ಆಶ್ಚರ್ಯವಿಲ್ಲ. ನಿಮ್ಮ ಸ್ವಭಾವ ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಎರಡೂ ಮೂತ್ರಚೀಲದ ಸೋಂಕಿಗೆ ಮಾತ್ರ, ಕಿಡ್ನಿಗೆ ಹತ್ತಿದ್ದರೆ ಸಾಲುವುದಿಲ್ಲ. ಕಿಡ್ನಿ ಕೆಲಸ ಕುಗ್ಗಿದವರಿಗೆ, ಹೆರಿಗೆ ಹತ್ತಿರ ಬಂದವರಿಗೆ ನೈಟ್ರೋಫ್ಯುರಾಂಟೋಯಿನ್ ಕೊಡುವುದಿಲ್ಲ.

ಸಿಪ್ರೊ, ನಾರ್‌ಫ್ಲಾಕ್ಸಾಸಿನ್ ಗುಂಪಿನದು ಒಂದು ಕಾಲದಲ್ಲಿ ಉರಿಮೂತ್ರದ ರಾಜ. ಹಳೇ ಸ್ಟ್ರಿಪ್ ಹಿಡಿದು ಬರುವವರ ಕೈಯಲ್ಲಿ ಬಹುತೇಕ ಅದೇ. ನಮ್ಮ ದೇಶದ ಇ. ಕೋಲಿ ಆ ಗುಂಪಿಗೆ ಬಹುಮಟ್ಟಿಗೆ ಬಗ್ಗದಾಗಿದೆ, ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ವರದಿಗಳಲ್ಲಿ ವರ್ಷವರ್ಷವೂ ಇದೇ ಕಥೆ. ಮೇಲಾಗಿ ಸ್ನಾಯುರಜ್ಜು, ನರಗಳಿಗೆ ತೊಂದರೆ ಕೊಡಬಲ್ಲದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲೇ ಎಚ್ಚರಿಸಿ, ಬೇರೆ ಔಷಧ ಇದ್ದಾಗ ಸಾದಾ ಉರಿಮೂತ್ರಕ್ಕೆ ಬೇಡ ಅಂದಿತು. ಚೀಟಿ ಇಲ್ಲದೆ ಕೊಡಲ್ಲ ಅಂದಾಗ ಗಿರಾಕಿಗಳು ಪಕ್ಕದ ಅಂಗಡಿಗೆ ಹೋಗುವುದು ನನಗೆ ಕಾಣುತ್ತದೆ. ಕಾಣಲಿ.

ಎಲ್ಲಿಗೆ ಹೋಗುವುದು

ಮೊದಲ ಸಲಕ್ಕೆ ಮನೆ ಹತ್ತಿರದ ಎಂಬಿಬಿಎಸ್ ಡಾಕ್ಟರೇ ಸಾಕು. ವಾರ್ಡಿನಲ್ಲಿರುವ ಸರ್ಕಾರದ “ನಮ್ಮ ಕ್ಲಿನಿಕ್” ಕೂಡ ಆಗುತ್ತದೆ, ಅಲ್ಲಿ ಫೀಸಿಲ್ಲ. ಗರ್ಭಿಣಿಯರಿಗೆ ವಾಣಿವಿಲಾಸ ಆಸ್ಪತ್ರೆ ಇದೆ. ಮೇಲಿಂದ ಮೇಲೆ ಬರುತ್ತಿದೆ, ಕಲ್ಲಿನ ಅನುಮಾನ ಇದೆ ಅಂದರೆ ಮೂತ್ರಾಂಗದ ತಜ್ಞ, ಯುರಾಲಜಿಸ್ಟ್ ಬೇಕು. ಖಾಸಗಿಯಲ್ಲಿ ಸ್ಕ್ಯಾನಿಂಗ್ ಎಲ್ಲ ಸೇರಿ ಕೈ ಕಚ್ಚಿದರೆ ವಿಕ್ಟೋರಿಯಾ ಆಸ್ಪತ್ರೆ ಆವರಣದ ನೆಫ್ರೋ-ಯುರಾಲಜಿ ಸಂಸ್ಥೆ ಸರ್ಕಾರದ್ದು. ಕ್ಯೂ ಉದ್ದ, ಬೆಳಿಗ್ಗೆ ಬೇಗ ಹೋಗಿ.

ಮತ್ತೆ ಬರದಂತೆ

ಇಲ್ಲಿ ಆಯ್ಕೆಗಳು ಜಾಸ್ತಿ, ಸುಳ್ಳೂ ಜಾಸ್ತಿ. ನಾನು ದುಡ್ಡು ಹಾಕುವುದಾದರೆ ಮೊದಲು ನೀರಿಗೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪದೇ ಪದೇ ಸೋಂಕಾಗುವ, ನೀರು ಕಡಿಮೆ ಕುಡಿಯುವ 140 ಹೆಂಗಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆ ಒಂದೂವರೆ ಲೀಟರ್ ಹೆಚ್ಚು ನೀರು. ಒಂದು ವರ್ಷದಲ್ಲಿ ಅವರಿಗೆ ಸರಾಸರಿ 1.7 ಸಲ ಬಂದರೆ ಉಳಿದವರಿಗೆ 3.2 ಸಲ. ಅರ್ಧ ಲೀಟರಿನ ಬಾಟಲಿ ಮೂರು, ಅಷ್ಟೇ ಔಷಧ. ಬಾರ್ಲಿ ನೀರು, ಜೀರಿಗೆ ನೀರು, ಮಜ್ಜಿಗೆ ಎಲ್ಲವೂ ಈ ಲೆಕ್ಕಕ್ಕೇ ಸೇರುತ್ತವೆ, ಕುಡಿಯಿರಿ. ಎಳನೀರನ್ನು ಕಿಡ್ನಿ ಕಾಯಿಲೆಯವರು ಮಾತ್ರ ಡಾಕ್ಟರನ್ನು ಕೇಳಿ ಕುಡಿಯಬೇಕು, ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ.

ನೀರು ಕುಡಿಯಿರಿ ಅಂತ ಹೇಳುವುದು ಸುಲಭ. ಬೊಮ್ಮನಹಳ್ಳಿಯ ಗಾರ್ಮೆಂಟ್ಸಿಗೆ ಹೋಗುವ ನಮ್ಮ ರಸ್ತೆಯ ಅಕ್ಕ ಒಬ್ಬರು ನಗುತ್ತಾರೆ: “ಕುಡಿದ್ರೆ ಹೋಗ್ಬೇಕಲ್ಲಮ್ಮ, ಲೈನಿಂದ ಏಳಕ್ಕೆ ಬಿಟ್ರೆ ತಾನೆ?” ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟವರು ಮಧ್ಯಾಹ್ನದ ಊಟದ ತನಕ ಗಂಟಲು ಒಣಗಿಸಿಕೊಂಡೇ ಇರುತ್ತಾರೆ. ಐಟಿಯವರದು ಬೇರೆ ಕಥೆಯೇನಲ್ಲ, ಔಟರ್ ರಿಂಗ್ ರೋಡಿನಲ್ಲಿ ಒಂದೂವರೆ ಗಂಟೆ ಕ್ಯಾಬಿನಲ್ಲಿ ಕಾಲು ಬಿಗಿಹಿಡಿದು ಕೂರುತ್ತಾರೆ. ನಿಂತ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಮೂರು ನಾಲ್ಕು ಗಂಟೆಗೊಮ್ಮೆ ಖಾಲಿ ಮಾಡಿದರೆ ಅದು ಬೇರೂರುವ ಮುಂಚೆ ಕೊಚ್ಚಿ ಹೋಗುತ್ತದೆ.

ಕೊಳಕು ಶೌಚಾಲಯದಿಂದ ಸೋಂಕು ಹತ್ತುತ್ತದೆ ಅಂತ ಹೆದರಿ ತಡೆದುಕೊಳ್ಳುವವರೇ ಹೆಚ್ಚು. ನಾನೂ ಆ ಛತ್ರದಲ್ಲಿ ಮಾಡಿದ್ದು ಅದನ್ನೇ. ಸೀಟಿನಿಂದ ಮೂತ್ರಚೀಲಕ್ಕೆ ಸೋಂಕು ಏರುವುದಿಲ್ಲ, ಬರುವ ಬ್ಯಾಕ್ಟೀರಿಯಾ ನಮ್ಮದೇ. ಹೇಸಿಗೆ ಆಗುತ್ತದೆ, ನಿಜ. ಹಾಗಿದ್ದರೆ ಇಂಡಿಯನ್ ಶೌಚಾಲಯ ಹುಡುಕಿ, ಪೂರ್ತಿ ಕುಕ್ಕರಗಾಲಲ್ಲಿ ಕೂತರೆ ಮೂತ್ರಚೀಲ ಚೆನ್ನಾಗಿ ಖಾಲಿಯಾಗುತ್ತದೆ. ವೆಸ್ಟರ್ನ್ ಸೀಟಿನ ಮೇಲೆ ಅರ್ಧ ಬಗ್ಗಿ ತೇಲುವವರಿಗೆ ಪೂರ್ತಿ ಖಾಲಿಯಾಗುವುದಿಲ್ಲ. ನಿಂತೇ ಮಾಡಲು ಕಾಗದದ ಕೊಳವೆ ಸಿಗುತ್ತದೆ. ಬ್ಯಾಗಿನಲ್ಲಿ ಎರಡು ಇಟ್ಟುಕೊಳ್ಳಿ, ಆದರೆ ಮೊದಲ ಸಲ ಮನೆಯ ಬಚ್ಚಲಲ್ಲೇ ಅಭ್ಯಾಸ ಮಾಡಿ. ಸೀಟಿಗೆ ಹೊಡೆಯುವ ಸ್ಪ್ರೇ ಮನಸ್ಸಿನ ಸಮಾಧಾನಕ್ಕೆ. ದಾರಿಯಲ್ಲಾದರೆ ಮೆಟ್ರೊ ನಿಲ್ದಾಣ, ಪೆಟ್ರೋಲ್ ಬಂಕ್ ಕೇಳಿ. 2023ರ ಜೂನ್‌ನಿಂದ ನಮಗೆ ಬಸ್ ಫ್ರೀ, ಬಸ್ ಇಳಿದ ಮೇಲೆ ಶೌಚಾಲಯದ ಬಾಗಿಲಲ್ಲಿ ಮಾತ್ರ ಎಷ್ಟೋ ಕಡೆ ಚಿಲ್ಲರೆ ಹುಡುಕಬೇಕು.

ಕ್ರ್ಯಾನ್‌ಬೆರಿ ಬರೀ ಬುರುಡೆಯಲ್ಲ. ವೈದ್ಯಕೀಯ ಪುರಾವೆಗಳನ್ನು ಒರೆಹಚ್ಚುವ ಕಾಕ್ರೇನ್ ಸಂಸ್ಥೆಯ 2023ರ ವಿಮರ್ಶೆ 50 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿತು. ಪದೇ ಪದೇ ಬರುವ ಹೆಂಗಸರಲ್ಲಿ ಅಪಾಯ ಕಾಲು ಭಾಗದಷ್ಟು ತಗ್ಗಿತು. ಗರ್ಭಿಣಿಯರಿಗೆ, ಆರೈಕೆ ಕೇಂದ್ರಗಳ ವಯಸ್ಸಾದವರಿಗೆ ಪ್ರಯೋಜನ ಕಾಣಲಿಲ್ಲ. ಬಂದ ಸೋಂಕನ್ನು ವಾಸಿ ಮಾಡುವುದಿಲ್ಲ ಅನ್ನುವುದನ್ನು ಮಾತ್ರ ಮರೆಯಬೇಡಿ. ಡಬ್ಬಿಯ ಜ್ಯೂಸಿನಲ್ಲಿ ಸಕ್ಕರೆಯೇ ಹೆಚ್ಚು, ಕ್ಯಾಪ್ಸೂಲ್ ವಾಸಿ. ರಕ್ತ ತೆಳುವಾಗಲು ವಾರ್ಫರಿನ್ ತಗೊಳ್ಳುವವರು ದೂರ ಇರಿ. ಅದರ ಪಕ್ಕದಲ್ಲೇ ಮಾರುವ ಡಿ-ಮ್ಯಾನೋಸ್ ಅನ್ನುವ ಸಕ್ಕರೆ ಜಾತಿಯ ಪುಡಿಯ ಬಗ್ಗೆ ನನಗೆ ಉತ್ಸಾಹವಿಲ್ಲ: 2024ರಲ್ಲಿ ಬಂದ ಬ್ರಿಟನ್ನಿನ ದೊಡ್ಡ ಪರೀಕ್ಷೆಯಲ್ಲಿ, 598 ಹೆಂಗಸರಲ್ಲಿ ಕೆಲವರಿಗೆ ಅದನ್ನು, ಉಳಿದವರಿಗೆ ಔಷಧವೇ ಅಲ್ಲದ ಉತ್ತುತ್ತ ಪುಡಿಯನ್ನು ಆರು ತಿಂಗಳು ಕೊಟ್ಟರೂ ಎರಡಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಇಂಟಿಮೇಟ್ ವಾಶ್ ಸೀಸೆಗಳನ್ನು ಮಾರುತ್ತೇನೆ, ಮನೆಗೆ ಒಯ್ಯುವುದಿಲ್ಲ. ಬರೀ ನೀರು ಸಾಕು, ಚೊಂಬಿನದಾಗಲಿ ಹ್ಯಾಂಡ್ ಶವರಿನದಾಗಲಿ ಮುಂದಿನಿಂದ ಹಿಂದಕ್ಕೆ ಹರಿಯಬೇಕು. ಗಂಡಹೆಂಡಿರ ಸಂಪರ್ಕದ ನಂತರ ಎದ್ದು ಮೂತ್ರ ಮಾಡಿ ಬರುವುದಕ್ಕೆ ಗಟ್ಟಿ ಪುರಾವೆ ಇಲ್ಲದಿದ್ದರೂ ಖರ್ಚೂ ಇಲ್ಲ.

ಮುಟ್ಟು ನಿಂತವರಿಗೆ

ಮುಟ್ಟು ನಿಂತ ಮೇಲೆ ಯೋನಿಯ ಒಳಪದರ ತೆಳುವಾಗಿ, ಕಾವಲಿದ್ದ ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆಯಾಗುತ್ತವೆ, ಸೋಂಕು ಸಲೀಸಾಗಿ ಏರುತ್ತದೆ. ಅವರಿಗೆ ನಾನು ಕ್ರ್ಯಾನ್‌ಬೆರಿಗಿಂತ ಮುಂದೆ ಇಡುವುದು ಡಾಕ್ಟರು ಬರೆದುಕೊಡುವ, ಯೋನಿಯೊಳಗೆ ಹಚ್ಚುವ ಈಸ್ಟ್ರೋಜನ್ ಹಾರ್ಮೋನಿನ ಕ್ರೀಮ್. ಹಾಗೆಯೇ, ಯಾವ ತೊಂದರೆಯೂ ಇಲ್ಲದ ಅಜ್ಜಿಯ ರಿಪೋರ್ಟಿನಲ್ಲಿ ಬ್ಯಾಕ್ಟೀರಿಯಾ ಕಂಡಿತು ಅಂತ ಆಂಟಿಬಯಾಟಿಕ್ ಕೊಡಿಸಲು ಓಡಬೇಡಿ. ಲಕ್ಷಣ ಇಲ್ಲದೆ ಚಿಕಿತ್ಸೆ ಬೇಕಾಗುವುದು ಮುಖ್ಯವಾಗಿ ಗರ್ಭಿಣಿಯರಿಗೆ, ಮೂತ್ರಾಂಗದ ಆಪರೇಷನ್ ಇರುವವರಿಗೆ.

ನಮ್ಮತ್ತೆಗೆ ವರ್ಷಕ್ಕೆ ನಾಲ್ಕು ಸಲ ಬರುತ್ತಿತ್ತು. ಸ್ತ್ರೀರೋಗ ತಜ್ಞೆ ಕ್ರೀಮ್ ಬರೆದುಕೊಟ್ಟರೆ ಟ್ಯೂಬು ಎರಡು ತಿಂಗಳು ಬೀರುವಿನಲ್ಲಿ ಸೀರೆಯ ಕೆಳಗೇ ಇತ್ತು. “ಹಾರ್ಮೋನು ಅಂದ್ರೆ ಕ್ಯಾನ್ಸರ್ ಬರಲ್ವೇನೇ?” ಅಂದರು. ಒಳಗೆ ಹಚ್ಚುವ ಇಷ್ಟು ಸಣ್ಣ ಪ್ರಮಾಣದಲ್ಲಿ ರಕ್ತಕ್ಕೆ ಸೇರುವುದು ತೀರಾ ಕಡಿಮೆ, ಸ್ತನ ಕ್ಯಾನ್ಸರ್ ಆದವರು ಮಾತ್ರ ಮೊದಲೇ ಡಾಕ್ಟರ ಹತ್ತಿರ ಮಾತಾಡಬೇಕು ಅಂತ ವಿವರಿಸಿದೆ. ಮೊದಲ ಎರಡು ವಾರ ದಿನಾ ರಾತ್ರಿ, ಆಮೇಲೆ ವಾರಕ್ಕೆ ಎರಡು ಸಲ. ಈಗ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಸೋಮವಾರ, ಗುರುವಾರದ ಮೇಲೆ ಪೆನ್ಸಿಲ್ಲಿನ ಚುಕ್ಕೆ ಇರುತ್ತದೆ. ಗುರುವಾರದ್ದು ರಾಯರ ಮಠಕ್ಕೆ ಹೋಗಿ ಬಂದ ಮೇಲೆ.